ಬೇನೆಯ ಪಾಲು

ಗಂಡಸಿಗೆ ಒಂದೇ ಒಂದು ಸಲ ಹೆರಿಗೆ ಬೇನೆ ಬಂದಿದ್ದರೆ ಲೋಕದಲ್ಲಿ ಎಷ್ಟು ಮಂದಿ ಇರುತ್ತಿದ್ದರು ಎಂದು ನಮ್ಮ ಹೆಂಗಸರು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ನಗುತ್ತಿದ್ದುದು ಬಹಳ ಹಳೆಯ ಮಾತು. ಅದು ನಗೆಮಾತಾಗಿಯೇ ಉಳಿದಿದ್ದರೆ ಚೆನ್ನಾಗಿತ್ತು. ಪಾಲುಪಟ್ಟಿ ಬಂತು, ನಗು ಹೋಯಿತು.

ನೋಡಲು ಪಾಲುಪಟ್ಟಿ ಏನೂ ಅಲ್ಲ. ಸೊಂಟನೋವಿನವರು ಕಟ್ಟಿಕೊಳ್ಳುವಂಥ ಅಗಲವಾದ ಪಟ್ಟಿ, ಒಳಮೈಗೆ ಹದಿನಾರು ತಣ್ಣನೆಯ ಬಿಲ್ಲೆಗಳು. ಹೆರುವವಳಿಗೆ ಒಂದು, ಪಾಲು ಹೊರುವವರಿಗೆ ಒಂದು. ಗರ್ಭಕೋಶದಿಂದ ಮೆದುಳಿಗೆ ಹೊರಟ ನೋವಿನ ಸಂಕೇತವನ್ನು ಮೊದಲನೆಯ ಪಟ್ಟಿ ಬೆನ್ನುಹುರಿಯ ಬುಡದಲ್ಲೇ ಹಿಡಿದು, ಹೆಚ್ಚೆಂದರೆ ಅರ್ಧದವರೆಗೆ ಇಳಿಸುತ್ತದೆ. ಇಳಿಸಿದಷ್ಟನ್ನು ಎರಡನೆಯ ಪಟ್ಟಿ ಇನ್ನೊಬ್ಬರ ಬೆನ್ನುಹುರಿಯಲ್ಲಿ ಎಬ್ಬಿಸುತ್ತದೆ. ಸುಮ್ಮನೆ ತಡೆದುಬಿಟ್ಟರೆ ಸಾಲದೆ ಎಂದು ಯಾರಾದರೂ ಕೇಳಬಹುದು. ವಿಜ್ಞಾನಿಗಳೂ ಮೊದಲು ಹಾಗೇ ಮಾಡಿ ನೋಡಿದರು. ಬರೀ ತಡೆದರೆ ಗರ್ಭಕೋಶ ಲಯ ಮರೆಯುತ್ತಿತ್ತು, ಹೆರಿಗೆ ನಡುವೆ ನಿಲ್ಲುತ್ತಿತ್ತು. ಯಾವುದೋ ಒಂದು ದೇಹ ಆ ನೋವಿಗೆ ಬೆವರಿ, ಉಸಿರು ಬಿಗಿದು, ಉತ್ತರ ಕೊಡಬೇಕು. ಆ ಉತ್ತರ ತಂತಿಯಲ್ಲಿ ವಾಪಸ್ ಬಂದರೆ ಮಾತ್ರ ಲಯ ಉಳಿಯುತ್ತದೆ. ಅಂದರೆ ನೋವು ಎಲ್ಲಿಗೂ ಹೋಗುವುದಿಲ್ಲ, ಒಂದು ಮೈಯಿಂದ ಇನ್ನೊಂದು ಮೈಗೆ ಜರುಗುತ್ತದೆ. ಅರಿವಳಿಕೆಯ ಸೂಜಿ ಇದೆಯಲ್ಲ ಎನ್ನಬಹುದು. ಅದನ್ನು ಚುಚ್ಚುವ ವೈದ್ಯರು ಜಿಲ್ಲಾ ಕೇಂದ್ರದಿಂದ ಕೆಳಗಿಳಿದು ಬರುವುದಿಲ್ಲ. ಆ ಕಥೆ ಪಟ್ಟಿಗಿಂತ ಹಳೆಯದು.

ಹೊಸಹಿತ್ತಲ ಎಂಬ ಊರಿನ ಹೆರಿಗೆ ಕೇಂದ್ರದಲ್ಲಿ ಈ ಪಟ್ಟಿಗಳನ್ನು ನಡೆಸುವ ಹಿರಿಯ ತಂತ್ರಜ್ಞೆ ನೀಲಗಂಗಾ. ಅವಳು ಕೂರುವ ಜಾಗಕ್ಕೆ ಪಾಲು ಕೋಣೆ ಎಂದು ಹೆಸರು. ಎಡಕ್ಕೆ ಗಾಜಿನಾಚೆ ಹೆರಿಗೆ ಕೋಣೆ, ಬಲಕ್ಕೆ ಗಾಜಿನಾಚೆ ಪಟ್ಟಿ ಕೋಣೆ, ಎದುರಿಗೆ ಪರದೆಯ ಮೇಲೆ ಎರಡು ಗೆರೆ: ಹೆರುವವಳದು ಕೆಂಪು, ಹೊರುವವರದು ನೀಲಿ. ಕೈಯ ಹತ್ತಿರ ಒಂದು ತಿರುಗಣೆ. ಅದನ್ನು ಬಲಕ್ಕೆ ತಿರುಗಿಸಿದಷ್ಟೂ ಕೆಂಪು ಗೆರೆ ತಗ್ಗುತ್ತದೆ, ನೀಲಿ ಗೆರೆ ಏಳುತ್ತದೆ. ಐವತ್ತೆರಡು ವರ್ಷದ ನೀಲಗಂಗಾ ಕಳೆದ ಹನ್ನೊಂದು ವರ್ಷ ಇದನ್ನೇ ತಿರುಗಿಸಿದ್ದಾಳೆ.

ಕೆಲಸಕ್ಕೆ ಸೇರುವ ಮೊದಲು ಅವಳು ಇದೇ ಪಟ್ಟಿಗಾಗಿ ರಸ್ತೆಯಲ್ಲಿ ಕೂತವಳು. ಹೊಸಹಿತ್ತಲ ಹತ್ತಿ ಬೀಜಕ್ಕೆ ಹೆಸರಾದ ಊರು. ಗಂಡು ಹೂವು ಕಿತ್ತು ತಂದು ಹೆಣ್ಣು ಹೂವಿಗೆ ಒಂದೊಂದಾಗಿ ಸವರಿ ಬೀಜ ಕಟ್ಟಿಸುವ ಕೆಲಸಕ್ಕೆ ಇಲ್ಲಿ ಕ್ರಾಸಿಂಗ್ ಎನ್ನುತ್ತಾರೆ. ಸಾವಿರಾರು ಹೆಂಗಸರು ಅದನ್ನೇ ಮಾಡುತ್ತಾರೆ, ತುಂಬು ಬಸುರಿಯರೂ ಮಾಡುತ್ತಾರೆ. ಒಂದು ವರ್ಷ ಒಬ್ಬಳು ಹೊಲದ ಬದುವಿನಲ್ಲೇ ಹೆತ್ತಳು. ಅವಳ ಗಂಡ ಆ ಹೊತ್ತಿಗೆ ಪಕ್ಕದ ಹೊಲದ ಬೇವಿನ ಮರದ ಕೆಳಗೆ ಇಸ್ಪೀಟು ಆಡುತ್ತಿದ್ದ. ಕೂಗಿದ್ದು ಕೇಳಲಿಲ್ಲವೇ ಎಂದರೆ, ಆಟ ಮುಗಿಯಲಿ ಅಂತಿದ್ದೆ ಎಂದ. ಆಗ ತಾನೇ ಪೇಟೆಗಳ ದೊಡ್ಡ ಆಸ್ಪತ್ರೆಗಳಿಗೆ ಪಾಲುಪಟ್ಟಿ ಬಂದಿತ್ತು. ಕ್ರಾಸಿಂಗ್ ಹೆಂಗಸರು ಮರುದಿನ ಹೊಲಕ್ಕೆ ಹೋಗಲಿಲ್ಲ, ಹೆದ್ದಾರಿಗೆ ಹೋಗಿ ಕೂತರು. 'ಕೂಸು ಇಬ್ಬರದು, ಬ್ಯಾನಿ ಇಬ್ಬರದು' ಎಂಬ ಕೂಗು ಎಬ್ಬಿಸಿದವಳು ಫಕ್ಕೀರವ್ವ.

ಫಕ್ಕೀರವ್ವ ನೀಲಗಂಗಾಳ ಗಂಡನ ಅಕ್ಕ. ಇಪ್ಪತ್ತಕ್ಕೇ ವಿಧವೆಯಾಗಿ ತಮ್ಮನ ಮನೆಗೆ ಬಂದವಳು, ಮಕ್ಕಳಿಲ್ಲ. ಕ್ರಾಸಿಂಗ್ ಮಾಡುತ್ತಲೇ ಅವಳು ಹೇಳುವ ಒಂದು ಮಾತಿತ್ತು: "ಹೂವಿನಾಗೂ ಅಷ್ಟ ನೋಡವ್ವಾ. ಗಂಡು ಒಮ್ಮೆ ಸವರಿ ಹೋಗ್ತೈತಿ. ಬಿಸಲಾಗ ನಿಂತು ಕಾಯಿ ಕಟ್ಟೂದೆಲ್ಲ ಹೆಣ್ಣಿಂದ." ನೀಲಗಂಗಾಳನ್ನು ಕೈಹಿಡಿದು ರಸ್ತೆಗೆ ಎಳೆತಂದವಳೂ ಅವಳೇ. ಹತ್ತೊಂಬತ್ತು ದಿನ ಕೂತರು. ಹನ್ನೆರಡು ವರ್ಷದ ಮಗಳು ತನುಜಾ ಅಲ್ಲೇ ಚಾಪೆಯ ಮೇಲೆ ಮನೆಪಾಠ ಬರೆಯುತ್ತಿದ್ದಳು. ಇಪ್ಪತ್ತನೆಯ ದಿನ ಸರ್ಕಾರ ಬಗ್ಗಿತು. ಪ್ರತಿ ಹೆರಿಗೆಗೂ ಪಟ್ಟಿ ಕಡ್ಡಾಯ. ಯಾರು ಕಟ್ಟಿಕೊಳ್ಳಬೇಕು ಎಂಬ ಒಂದು ಸಾಲನ್ನು ನೀವೇ ಬರೆದುಕೊಡಿ ಎಂದಿತು.

ಆ ಸಾಲು ಬರೆದದ್ದು ನೀಲಗಂಗಾ. ನಲವತ್ತು ಹೆಂಗಸರು ಸುತ್ತ ಕೂತಿದ್ದರು. ಅವಳು ಮೊದಲು 'ಗಂಡ' ಎಂದೇ ಬರೆದಿದ್ದಳು. ಫಕ್ಕೀರವ್ವ ತಡೆದಳು. "ಗಂಡ ಬಿಟ್ಟಾಕಿ ಏನ್ ಮಾಡ್ಬೇಕು? ಹೊಟ್ಟ್ಯಾಗ ಕೂಸು ಇದ್ದಾಗ ಗಂಡ ಸತ್ತಾಕಿ? ಲಗ್ನ ಆಗದ ಬಸರಾದ ಹುಡುಗಿ? ಅವರ ಬ್ಯಾನಿ ಬ್ಯಾನಿ ಅಲ್ಲೇನು?" ಎಲ್ಲರಿಗೂ ಹೌದೆನ್ನಿಸಿತು. ನೀಲಗಂಗಾ ಹೊಡೆದುಹಾಕಿ ಹೊಸದಾಗಿ ಬರೆದಳು: ಹೆರಿಗೆ ಯಾವ ಮನೆಯಿಂದ ನಡೆಯುತ್ತದೋ ಆ ಮನೆಯ ವಯಸ್ಕರೊಬ್ಬರು ಪಟ್ಟಿ ಕಟ್ಟಿಕೊಳ್ಳತಕ್ಕದ್ದು. ಓದಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ನಲವತ್ತು ಮಂದಿಯಲ್ಲಿ ಹೆತ್ತವರೆಲ್ಲ ಚೊಚ್ಚಲು ಹೆರಿಗೆಗೆ ತವರಿಗೇ ಹೋಗಿದ್ದವರು. ಆದರೂ ತವರು ಒಬ್ಬಳಿಗೂ ನೆನಪಾಗಲಿಲ್ಲ. ದಿನಾ ತುಳಿಯುವ ಹೊಸ್ತಿಲು ಯಾರ ಕಣ್ಣಿಗೆ ಬೀಳುತ್ತದೆ. ಬೀಗರಿಗೆ ಮಾತ್ರ ಆ ಸಾಲಿನ ಸಂದು ಆರು ತಿಂಗಳೊಳಗೆ ಕಂಡಿತು. ಚೊಚ್ಚಲು ಹೆರಿಗೆ ಹೇಗೂ ತವರಿನದು. ಇನ್ನು ಎರಡನೆಯದೂ ತವರಿನದೇ, ಮೂರನೆಯದೂ ತವರಿನದೇ ಎಂದು ಪದ್ಧತಿ ಬದಲಾಯಿತು. ಏಳನೆಯ ತಿಂಗಳಿಗೆ ಸೊಸೆಯನ್ನು ಬಸ್ಸು ಹತ್ತಿಸಿದರೆ ಗಂಡನ ಮನೆಯ ಹೊಣೆ ಮುಗಿಯಿತು. ಇವರು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರಿದರು. ತವರಿನಲ್ಲಿ ಅಪ್ಪನಿಗೆ ಸಕ್ಕರೆ ಕಾಯಿಲೆ, ಅಣ್ಣನಿಗೆ ಡ್ಯೂಟಿ. ಪಟ್ಟಿ ಕಟ್ಟಿಕೊಳ್ಳುವವರು ಅವ್ವ, ಅಕ್ಕ, ಅತ್ತಿಗೆ, ಇಲ್ಲವೇ ಮನೆಯಲ್ಲಿ ಉಳಿದುಹೋದ ಯಾವಳೋ ಒಬ್ಬ ವಿಧವೆ.

ಫಕ್ಕೀರವ್ವ ಹದಿನೇಳು ಸಲ ಕಟ್ಟಿಕೊಂಡಿದ್ದಾಳೆ. ಮದುವೆ ಮುಂಜಿಗೆ ಅವಳನ್ನು ಕರೆಯದ ಬಳಗದವರು ಇದಕ್ಕೆ ಮಾತ್ರ ಬಾಗಿಲಿಗೆ ಬಂದು, ನಮ್ಮ ಮನೆಯವಳೇ ಎಂದು ಅರ್ಜಿಯಲ್ಲಿ ಬರೆಸಿ ಕರೆದೊಯ್ದರು. ಹೆರದವಳಿಗೇನು ಗೊತ್ತು ಹೆರಿಗೆ ನೋವು ಎಂದು ಊರಲ್ಲಿ ಇನ್ನೂ ಮಾತಿಗೆ ಹೇಳುತ್ತಾರೆ. ಹೊಸಹಿತ್ತಲದಲ್ಲಿ ಅದು ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ, ಗೊತ್ತಿರುವವಳು ಹೆತ್ತೇ ಇಲ್ಲ.

ಈ ವರ್ಷ ಕೊನೆಗೂ ಆ ಸಾಲನ್ನು ತಿದ್ದುವ ಮಾತು ಬಂದಿತ್ತು. ರಾಜಧಾನಿಯಲ್ಲಿ ಒಂದು ಸಮಿತಿ ಕೂತಿತ್ತು. ಹುಟ್ಟಿಸಿದವನು ಇದ್ದಲ್ಲಿ ಅವನೇ ಪಟ್ಟಿ ಕಟ್ಟಿಕೊಳ್ಳಬೇಕು ಎಂದು ಬದಲಾಯಿಸಿ ಎಂಬುದು ಹೆಂಗಸರ ಬೇಡಿಕೆ. ಬೇಡ, ಗಂಡಂದಿರು ತಾವಾಗಿಯೇ ಮುಂದೆ ಬರುತ್ತಿದ್ದಾರೆ, ಒತ್ತಾಯ ಏಕೆ ಎಂಬುದು ಅಧಿಕಾರಿಗಳ ವಾದ. ಅದಕ್ಕೆ ಸಾಕ್ಷಿಯಾಗಿ ಅವರು ತೋರಿಸುತ್ತಿದ್ದುದು ಪ್ರತಿ ಹೆರಿಗೆಯ ಕಾಗದದಲ್ಲಿ 'ಪಾಲು ಹೊತ್ತವರು' ಎಂಬ ಕಡೆಯ ಅಂಕಣ. ಈ ತಾಲ್ಲೂಕಿನ ಕಾಗದಗಳನ್ನೆಲ್ಲ ಒಟ್ಟುಮಾಡಿ ವರದಿ ಕಳಿಸುವ ಕೆಲಸ ನೀಲಗಂಗಾಳದು. ಒಂದು ವರ್ಷದಲ್ಲಿ ಸಾವಿರದ ನೂರು ಹೆರಿಗೆ, ಅದರಲ್ಲಿ 'ಗಂಡ' ಎಂದು ಬರೆದದ್ದು ಮೂವತ್ತೊಂದು.

ಮೂವತ್ತೊಂದು ಕಡಿಮೆಯೇ. ಆದರೆ ನೀಲಗಂಗಾ ಒಳಗೊಳಗೇ ಆ ಮೂವತ್ತೊಂದನ್ನು ಪ್ರೀತಿಸುತ್ತಿದ್ದಳು. ತಾನು ಬರೆದ ಸಾಲು ಪೂರ್ತಿ ಹಾಳಾಗಲಿಲ್ಲ ಎನ್ನಲು ಅವಳಿಗೆ ಇದ್ದದ್ದು ಅಷ್ಟೇ.

ಒಂದು ಬೆಳಿಗ್ಗೆ ಅವಳ ಕೈಕೆಳಗಿನ ತಂತ್ರಜ್ಞೆ ಮೆಹರು ಬರೆದ ಕಾಗದವೊಂದು ಅವಳ ಕಣ್ಣಿಗೆ ಬಿತ್ತು. ಅಂಕಣದಲ್ಲಿ 'ಗಂಡ' ಎಂದಿತ್ತು. ಆ ದಿನ ಪಟ್ಟಿ ಕೋಣೆಯಿಂದ ಸೆರಗು ಕಚ್ಚಿಕೊಂಡು ಹೊರಬಂದವಳು ಬಾಣಂತಿಯ ತಂಗಿ ಎಂಬುದನ್ನು ನೀಲಗಂಗಾ ಕಣ್ಣಾರೆ ಕಂಡಿದ್ದಳು.

"ಇದೇನಿದು ಮೆಹರು?"

"ಆ ಹುಡುಗಿ ಕೈ ಹಿಡಕೊಂಡು ಅತ್ಲರಿ ಮೇಡಂ. ಗಂಡ ಅಂತ ಬರೀರಿ, ಇಲ್ಲಂದ್ರ ನಮ್ಮತ್ತಿ ಮುಂದ ತಲಿ ಎತ್ತಿ ತಿರುಗಾಕ ಆಗೂದಿಲ್ಲ ಅಂದ್ಲು. ಒಂದು ಶಬ್ದ ಅಲ್ರಿ, ಯಾರಿಗೇನು ಹೋಗ್ತೈತಿ ಅಂತ ಬರದೆ."

"ಯಾರಿಗೇನು ಹೋಗ್ತೈತಿ?" ನೀಲಗಂಗಾಳ ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಕೆಯದು. "ನೀ ಬರಿಯೋ ಒಂದೊಂದು ಸುಳ್ಳೂ ಅವರ ಕೈಗೆ ಕೊಡೋ ಕಲ್ಲು. ನೋಡ್ರಿ, ಗಂಡಸರು ಹೊರಾಕತ್ತಾರ, ಕಾಯ್ದೆ ಯಾಕ ಬೇಕು ಅಂತ ಅದನ್ನ ನಮಗ ಒಗೀತಾರ. ಅಕಿ ಅತ್ಲು ಅಂತ ಬರದ್ಯಾ? ನಾಳೆ ಹೆರೋರು ಅಳೂದಿಲ್ಲೇನು?"

ಕಾಗದ ಹರಿದು ಬೇರೆ ಬರೆಸಿದಳು. ಸಾಲದೆಂದು ಮೆಹರುವಿಗೆ ಒಂದು ಮೆಮೊ ಕೊಟ್ಟಳು. ಮೆಹರು ಸಹಿ ಮಾಡಿ ತೆಗೆದುಕೊಂಡಳು.

ಅದೇ ವಾರ ಬಸುರಿ ಮಗಳು ತನುಜಾಳ ಕುಬಸ, ಅಂದರೆ ಸೀಮಂತ. ಏಳನೆಯ ತಿಂಗಳು, ಚೊಚ್ಚಲು. ದಾವಣಗೆರೆಯ ಬೀಗರು ವ್ಯಾನಿನಲ್ಲಿ ಬಂದಿಳಿದರು. ಅಳಿಯ ಮೃತ್ಯುಂಜಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ವಿದ್ಯಾರ್ಥಿಯಾಗಿದ್ದಾಗ ಪಟ್ಟಿಯ ಹೋರಾಟಕ್ಕೆ ಬಂದು ಭಾಷಣ ಮಾಡಿದ್ದ. ದೊಡ್ಡವಳಾದ ಮೇಲೆ ತನುಜಾ ಅವನನ್ನು ಮೆಚ್ಚಿದ್ದೂ ಆ ಭಾಷಣದ ನೆನಪಿಗೇ. ಒಳ್ಳೆಯ ಹುಡುಗ. ಉಂಡ ತಟ್ಟೆ ತಾನೇ ತೊಳೆಯುತ್ತಾನೆ, ತೊಳೆದದ್ದನ್ನು ನಾಲ್ಕು ಜನಕ್ಕೆ ಕಾಣುವಂತೆ ಇಡುತ್ತಾನೆ.

ಮುತ್ತೈದೆಯರು ಹಸಿರು ಬಳೆ ಇಟ್ಟು ಉಡಿ ತುಂಬುತ್ತಿದ್ದಾಗ ಫಕ್ಕೀರವ್ವ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು. ವಿಧವೆ ಕುಬಸದ ಮುಂದೆ ಬರುವ ಹಾಗಿಲ್ಲ. ನೀಲಗಂಗಾಳೂ ವಿಧವೆಯೇ, ಆದರೆ ಹೆತ್ತವ್ವ ಎಂದು ಅವಳಿಗೆ ಬಾಗಿಲ ಪಕ್ಕದಲ್ಲಿ ನಿಲ್ಲುವಷ್ಟು ರಿಯಾಯಿತಿ ಇತ್ತು.

ಊಟದ ಪಂಕ್ತಿಯಲ್ಲಿ ಬೀಗತಿ ಗೌರವ್ವ ಮಾತು ತೆಗೆದಳು. "ಎಲ್ಲಾ ಛಲೋ ಆತು. ಪಟ್ಟಿಗೆ ಯಾರನ್ನ ಗೊತ್ತು ಮಾಡೀರಿ ಮತ್ತ? ನಿಮಗ ಬಿ.ಪಿ. ಐತಿ, ಕಟ್ಟಿಕೊಳ್ಳಾಕ ಬರೂದಿಲ್ಲ. ಫಕ್ಕೀರವ್ವ ಅದಾಳಲ್ಲ, ರೂಢಿ ಆದಾಕಿ."

ಮೃತ್ಯುಂಜಯ ಕೈ ತೊಳೆದು ಎದ್ದು ನಿಂತ. "ಯಾರೂ ಬ್ಯಾಡವ್ವ. ನನ್ನ ಕೂಸು, ನಾ ಹೊರ್ತೀನಿ."

ಗೌರವ್ವನ ಮುಖ ಹಾಲು ಒಡೆದಂತಾಯಿತು. "ತವರಿನ ಹೆರಿಗಿಗೆ ಅಳಿಯ ಪಟ್ಟಿ ಕಟ್ಟಿಕೊಂಡ ಅಂದ್ರ ಮಂದಿ ಏನಂತಾರೋ? ಇವರ ಮನ್ಯಾಗ ಹೆಂಗಸರ ಬರ ಬಂದೈತೇನು?"

"ಮಂದಿ ಕಲೀಲಿ," ಎಂದ ಮೃತ್ಯುಂಜಯ. ತನುಜಾ ಬಳೆ ತುಂಬಿದ ಕೈಯಿಂದ ಕಣ್ಣೊರೆಸಿಕೊಂಡಳು. ನೀಲಗಂಗಾಳಿಗೆ ಎದೆ ತುಂಬಿ ಬಂತು. ಮೂವತ್ತೆರಡನೆಯದು ತನ್ನ ಮನೆಯದೇ ಆಗುತ್ತದೆ, ಮತ್ತು ಅದು ಖರೆಯದಾಗಿರುತ್ತದೆ ಎಂದುಕೊಂಡಳು. ಅಡುಗೆಮನೆಗೆ ಓಡಿ ಹೋಗಿ ಹೇಳಿದಾಗ ಫಕ್ಕೀರವ್ವ ಹೋಳಿಗೆ ಮಗುಚಿ ಹಾಕಿ, "ಹೊತ್ರ ಬೇಷಾತು. ನನ್ನ ಸೊಂಟಾನೂ ಒಂದು ರಜಾ ಕೇಳಾಕತ್ತೈತಿ," ಎಂದಳು.

ದಿನ ತುಂಬಿ ಒಂದು ಸೋಮವಾರ ಬೆಳಿಗ್ಗೆ ನೀರೊಡೆಯಿತು. ಹತ್ತು ಗಂಟೆಗೆ ತನುಜಾ ಎಡಗಡೆಯ ಕೋಣೆಯಲ್ಲಿದ್ದಳು. ಹನ್ನೆರಡರ ಹೊತ್ತಿಗೆ ಮೃತ್ಯುಂಜಯ ತಾಯಿಯ ಜೊತೆ ಬಂದು ಬಲಗಡೆಯ ಕೋಣೆಯಲ್ಲಿ ಕೂತ. ಮೆಹರು ಅವನಿಗೆ ಪಟ್ಟಿ ಬಿಗಿದು, ಕೈಗೆ ಕೆಂಪು ಗುಂಡಿ ಕೊಟ್ಟಳು. ಪಾಲು ಹೊರುವವರಿಗೆ ಸಾಕೆನ್ನಿಸಿದರೆ ಒತ್ತಬಹುದು, ಯಾರನ್ನೂ ಬಲವಂತ ಮಾಡುವ ಹಾಗಿಲ್ಲ ಎಂದು ಕಾಯ್ದೆ ಹೇಳುತ್ತದೆ. ಎಡಗಡೆಯ ಕೋಣೆಯಲ್ಲಿ ಅಂಥ ಗುಂಡಿ ಇಲ್ಲ.

ಗುಂಡಿ ಒತ್ತಿದರೆ ಎರಡು ನಿಮಿಷದೊಳಗೆ ಇನ್ನೊಂದು ದೇಹ ಉತ್ತರ ಕೊಡಬೇಕು. ಇಲ್ಲದಿದ್ದರೆ ಹೆರುವವಳಿಗೆ ನೋವು ಪೂರ್ತಿ ಒಮ್ಮೆಗೇ ಮರಳಿ, ಲಯ ತಪ್ಪಿ, ಕೂಸಿನ ಎದೆಬಡಿತ ಇಳಿಯುತ್ತದೆ. ಅದಕ್ಕೇ ತವರಿನಿಂದ ಒಬ್ಬರು ಬದಲಿಯಾಗಿ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಕೂತಿರಲೇಬೇಕು. ಫಕ್ಕೀರವ್ವ ಪಟ್ಟಿ ಕೋಣೆಯ ಮೂಲೆಯ ಬೆಂಚಿನ ಮೇಲೆ ಮೆಂತ್ಯ ಸೊಪ್ಪಿನ ಚೀಲ ಬಿಚ್ಚಿ ಕೂತಿದ್ದಳು.

"ಕಾಯ್ದೆ ಸಲುವಾಗಿ ಅಷ್ಟ," ಎಂದಿದ್ದಳು ನೀಲಗಂಗಾ. "ಈ ಸಲ ನಿನ್ನ ಪಾಳಿ ಬರೂದಿಲ್ಲ."

"ಬರದಿದ್ರ ಸೊಪ್ಪರ ಹಸನಾಗ್ತೈತಿ," ಎಂದಿದ್ದಳು ಫಕ್ಕೀರವ್ವ.

ಹನ್ನೆರಡೂ ಹತ್ತಕ್ಕೆ ನೀಲಗಂಗಾ ತಿರುಗಣೆ ಹಿಡಿದಳು. ನೂರಕ್ಕೆ ಹತ್ತು ಪಾಲು. ಮೃತ್ಯುಂಜಯ ಗಾಜಿನಾಚೆಯಿಂದ ಹೆಬ್ಬೆರಳು ಎತ್ತಿ ತೋರಿಸಿದ. ನಾಲ್ಕನೆಯ ನಿಮಿಷಕ್ಕೆ ಹದಿನೈದು. ಅವನ ಹಣೆಯಲ್ಲಿ ಬೆವರು ಮೂಡಿತು. ಎಡಕ್ಕೆ ನೋಡಿದರೆ ತನುಜಾಳ ಹುಬ್ಬಿನ ಗಂಟು ಸ್ವಲ್ಪ ಸಡಿಲವಾಗಿತ್ತು. ಏಳನೆಯ ನಿಮಿಷಕ್ಕೆ ಇಪ್ಪತ್ತು. ಅವನು ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದ. ಹತ್ತನೆಯ ನಿಮಿಷಕ್ಕೆ ಇಪ್ಪತ್ತೈದು. ಅರ್ಧಕ್ಕೆ ಇನ್ನೂ ಅಷ್ಟೇ ದೂರ ಇತ್ತು. ತಡಿ, ಇನ್ನೊಂದು ಬ್ಯಾನಿ ತಡಿ ಎಂದು ನೀಲಗಂಗಾ ತನಗೇ ಹೇಳಿಕೊಂಡಳು. ಹನ್ನೊಂದನೆಯ ನಿಮಿಷದಲ್ಲಿ ಅವನು ಕಣ್ಣು ಮುಚ್ಚಿ ಗುಂಡಿ ಒತ್ತಿದ.

"ಒಂದು ನಿಮಿಷ," ಎಂದ ಧ್ವನಿಪೆಟ್ಟಿಗೆಯಲ್ಲಿ. "ಒಂದ ನಿಮಿಷ ಬಿಡ್ರಿ, ಮತ್ತ ಬರ್ತೀನಿ."

ನೀಲಿ ಗೆರೆ ನೆಲಕ್ಕೆ ಬಿತ್ತು. ಗಡಿಯಾರ ಹಿಂದಕ್ಕೆ ಎಣಿಸತೊಡಗಿತು. ನೀಲಗಂಗಾ ಕಾದಳು. ಒಂದು ನಿಮಿಷ ಅವನು ಹೇಳಿದ್ದಕ್ಕೇ ಕಾದಳು. ಅವನು ತಲೆ ತಗ್ಗಿಸಿ ಕೂತಿದ್ದ, ಗುಂಡಿಯಿಂದ ಬೆರಳು ತೆಗೆದಿರಲಿಲ್ಲ. ಎಡಗಡೆ ತನುಜಾ ಮೊದಲ ಸಲ ಚೀರಿದಳು. ಮೆಹರು ನೀಲಗಂಗಾಳ ಮುಖ ನೋಡಿದಳು. ಕೂಸಿನ ಎದೆಬಡಿತ ನೂರ ನಲವತ್ತರಿಂದ ನೂರ ಹತ್ತಕ್ಕೆ ಇಳಿಯಿತು.

ಇಪ್ಪತ್ತು ಸೆಕೆಂಡು ಉಳಿದಿದ್ದಾಗ ನೀಲಗಂಗಾ ತಂತಿಯನ್ನು ಬದಲಿ ಪಟ್ಟಿಗೆ ತಿರುಗಿಸಿದಳು. ಬೇನೆಯಲ್ಲಿ ಗಂಡಸಿಗೂ ಪಾಲು ಬರಲೆಂದು ಹತ್ತೊಂಬತ್ತು ದಿನ ಬಿಸಿಲಲ್ಲಿ ಕೂತವಳ ಕೈ ಅದು. ಮೂಲೆಯ ಬೆಂಚಿನಲ್ಲಿ ಫಕ್ಕೀರವ್ವನ ತೊಡೆಯಿಂದ ಸೊಪ್ಪು ನೆಲಕ್ಕೆ ಚೆಲ್ಲಿತು. ಅವಳು ಹಾಗೇ ಪಕ್ಕಕ್ಕೆ ಒರಗಿ, ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿ, ಮೂಗಿನಿಂದ ನಿಧಾನವಾಗಿ ಉಸಿರು ಬಿಟ್ಟಳು. ನೀಲಿ ಗೆರೆ ಎದ್ದು ನಿಂತಿತು. ಇಪ್ಪತ್ತೈದು, ಮೂವತ್ತೈದು, ಐವತ್ತು. ಅವಳಿಗೂ ಕೆಂಪು ಗುಂಡಿ ಕೊಟ್ಟಿದ್ದರು. ಅದನ್ನು ಅವಳು ಸೊಪ್ಪಿನ ಚೀಲದೊಳಗೆ ಇಟ್ಟಿದ್ದಳು.

ಗೌರವ್ವ ಮಗನನ್ನು ಎಬ್ಬಿಸಿ ಕ್ಯಾಂಟೀನಿಗೆ ಕರೆದೊಯ್ದು ಶರಬತ್ತು ಕುಡಿಸಿದಳು. ಒಂದು ಗಂಟೆಯ ಮೇಲೆ ಅವನು ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತ. ಪಟ್ಟಿ ಸೊಂಟದಲ್ಲೇ ಇತ್ತು, ತಂತಿ ಇರಲಿಲ್ಲ. ಇನ್ನೊಮ್ಮೆ ಜೋಡಿಸಿ ಎಂದು ಕೇಳಲು ಎರಡು ಸಲ ಬಾಯಿ ತೆರೆದ, ಎರಡು ಸಲವೂ ಮೂಲೆಯ ಬೆಂಚಿನ ಕಡೆ ನೋಡಿ ಮುಚ್ಚಿಕೊಂಡ. ಮುಖ ಬಿಳಿಚಿತ್ತು, ಅಂಗಿ ಬೆವರಿಗೆ ಅಂಟಿತ್ತು. ಹೊರಗಿನ ಕಿಟಕಿಯಿಂದ ಅವನ ಚಿಕ್ಕಪ್ಪನ ಮಗ ಒಂದು ಫೋಟೋ ಹೊಡೆದ. ಚೌಕಟ್ಟಿನಲ್ಲಿ ಮೂಲೆಯ ಬೆಂಚು ಬರಲಿಲ್ಲ.

ಸಂಜೆ ಆರರ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು.

ಅಷ್ಟರಲ್ಲಿ ಆ ಫೋಟೋ ಊರೆಲ್ಲ ಸುತ್ತಿತ್ತು. ಬೇನೆ ಹೊತ್ತ ಮೇಷ್ಟ್ರು ಎಂದು ಅದಕ್ಕೊಂದು ಶೀರ್ಷಿಕೆಯೂ ಬಂದಿತ್ತು. ಯಾವುದೋ ಸಂಘದವರು ಶಾಲು ತಂದು ಆಸ್ಪತ್ರೆಯ ಅಂಗಳದಲ್ಲೇ ಹೊದಿಸಿದರು. "ಪೂರ್ತಿ ನಾ ಅಲ್ರಿ, ಸ್ವಲ್ಪ..." ಎಂದು ಮೃತ್ಯುಂಜಯ ಒಮ್ಮೆ ಶುರು ಮಾಡಿದ. ಎಷ್ಟು ವಿನಯ ನೋಡಿ ಎಂದು ಅವರು ಇನ್ನೊಂದು ಹಾರ ಹಾಕಿದರು. ಆಮೇಲೆ ಅವನು ಹೇಳಲಿಲ್ಲ. ಕುಬಸದ ದಿನ ಮಂದಿ ಏನಂತಾರೆ ಎಂದು ಹೆದರಿದ್ದ ಗೌರವ್ವ ಈಗ ಪೇಡೆಯ ಡಬ್ಬಿ ಹಿಡಿದು ಹಂಚುತ್ತಿದ್ದಳು. ಹೆಣ್ಣು ಹುಟ್ಟಿತೆಂಬ ಬೇಸರವೂ ಆ ಸಡಗರದಲ್ಲಿ ಅವಳಿಗೆ ಮರೆತುಹೋಗಿತ್ತು.

ನೀಲಗಂಗಾ ಮಗಳ ಹಾಸಿಗೆಯ ಪಕ್ಕ ಕೂತಳು. ಅಂಗಳದ ಚಪ್ಪಾಳೆ ಅಲ್ಲಿಗೆ ಕೇಳುತ್ತಿತ್ತು. ಕೂಸು ಎದೆಗೆ ಅಂಟಿಕೊಂಡು ಮಲಗಿತ್ತು.

"ಅವ್ವಾ, ಹೊರಗ ಎಲ್ಲಾರೂ ಅವರು ಹೊತ್ರು ಅನ್ನಾಕತ್ತಾರ," ಎಂದಳು ತನುಜಾ.

ನೀಲಗಂಗಾ ಕೂಸಿನ ಬಟ್ಟೆ ಸರಿಮಾಡಿದಳು. "ಹೂಂ."

"ನನಗ್ಯಾಕ ಸುಳ್ಳು ಹೇಳ್ತಿ. ಆ ಕಡೆ ಉಸಿರು ಈ ಕಡೆ ಬೆನ್ನಿಗೆ ತಾಗ್ತೈತಿ. ಅವರದು ಹೆದರಿ ಹೆದರಿ ಬರ್ತಿತ್ತು. ಆಮ್ಯಾಲೆ ನಿಂತು ಹೋತು. ಸತ್ತೇ ಅಂದಕೊಂಡೆ. ಮತ್ತ ಬಂದದ್ದು ಒಂದ ಸಮ ಬಂತು. ಫಕ್ಕೀರವ್ವತ್ತಿ ಮಗ್ಗಲದಾಗ ಹದಿನೈದು ವರ್ಷ ಮಲಗೀನಿ. ಅಕಿ ಉಸಿರು ನನಗ ಗೊತ್ತಾಗೂದಿಲ್ಲೇನು?"

ನೀಲಗಂಗಾ ಮಗಳ ಕೈ ಹಿಡಿದುಕೊಂಡಳು. ದುಃಖ ಉಕ್ಕಿ ಬಂತು, ಅದರ ಹಿಂದೆಯೇ ಒಂದು ಧೈರ್ಯವೂ ಬಂತು. "ಗೊತ್ತಿದ್ರ ಛಲೋ ಆತು. ಕಾಗದ ಇನ್ನಾ ಬರದಿಲ್ಲ. ಖರೇ ಬರಿತೀನಿ."

"ಬ್ಯಾಡ."

"ಏನಂದಿ?"

"ಗಂಡ ಅಂತ ಬರಿ." ತನುಜಾ ಸೂರು ನೋಡುತ್ತ ಹೇಳಿದಳು. "ನೀ ಖರೇ ಬರದ್ರ ಅವರು ನಾಳೆ ಮಂದಿ ಮುಂದ ಸಣ್ಣವರಾಗ್ತಾರ. ಸಣ್ಣ ಆದ ಗಂಡಸಿನ ಜೋಡಿ ಒಂದು ಮನ್ಯಾಗ ಇರಾಕಿ ನಾನು, ನಿನ್ನ ಸಮಿತಿ ಅಲ್ಲ. ಆ ಸಿಟ್ಟು ಅವರು ಯಾರ ಮ್ಯಾಲೆ ತೀರಿಸ್ಕೋತಾರ? ನನ್ನ ಮ್ಯಾಲೆ. ಇಲ್ಲಾ ಇಕಿ ಮ್ಯಾಲೆ. ಬರಿ ಅವ್ವಾ. ನಿನ್ನ ಕಾಲಿಗೆ ಬೀಳಾಕ ಏಳಾಕ ಆಗೂದಿಲ್ಲ ಈಗ."

ಚಾಪೆಯ ಮೇಲೆ ಮನೆಪಾಠ ಬರೆಯುತ್ತಿದ್ದ ಹುಡುಗಿ ಅವಳು. ನಡುವೆ ಕೂಗು ಕೇಳಿದರೆ ಪೆನ್ಸಿಲ್ ಎತ್ತಿ ತಾನೂ ಕೂಗುತ್ತಿದ್ದಳು. ನೀಲಗಂಗಾ ಹಿಡಿದಿದ್ದ ಕೈಯನ್ನು ಹಾಸಿಗೆಯ ಮೇಲಿಟ್ಟಳು. ಎದ್ದು ಪಾಲು ಕೋಣೆಗೆ ಬಂದಳು.

ಮೆಹರು ಕಾಗದ ಸಿದ್ಧ ಮಾಡಿಟ್ಟಿದ್ದಳು. ಕಡೆಯ ಅಂಕಣ ಖಾಲಿ ಇತ್ತು. ಮೆಮೊ ತೆಗೆದುಕೊಂಡವಳು ಬೇರೆ ಯಾರಾದರೂ ಆಗಿದ್ದರೆ ಈ ಹೊತ್ತಿಗೆ ಒಂದು ಮಾತು ಆಡುತ್ತಿದ್ದಳು. ಮೆಹರು ಪೆನ್ನಿನ ಮುಚ್ಚಳ ತೆಗೆದು ಮುಂದೆ ಇಟ್ಟು, ಕಿಟಕಿಯ ಕಡೆ ತಿರುಗಿಕೊಂಡಳು. ನೀಲಗಂಗಾ 'ಗಂಡ' ಎಂದು ಬರೆದು ಸಹಿ ಮಾಡಿದಳು.

ಪೆನ್ನು ಇಟ್ಟಮೇಲೆ ಅವಳಿಗೆ ಒಂದು ಅನುಮಾನ ಬಂತು. "ಮೆಹರು, ಆ ಮೂವತ್ತೊಂದರ ಗೆರೆ ಕಾಗದ ತಗಿ."

ಗೆರೆ ಕಾಗದ ಎಂದರೆ ಪರದೆಯ ಎರಡು ಗೆರೆಗಳ ಪೂರ್ತಿ ಅಚ್ಚು. ತಾಲ್ಲೂಕಿನ ಪ್ರತಿ ಹೆರಿಗೆಯದನ್ನೂ ಇಲ್ಲಿನ ಕಡತದಲ್ಲಿ ಇಡುತ್ತಾರೆ. ನೀಲಗಂಗಾ ಅವನ್ನು ಎಂದೂ ಬಿಚ್ಚಿ ನೋಡಿರಲಿಲ್ಲ. ಅಂಕಣದಲ್ಲಿ 'ಗಂಡ' ಎಂದಿದ್ದರೆ ನಂಬಿಬಿಡುತ್ತಿದ್ದಳು, ನಂಬುವುದು ಅಷ್ಟು ಹಿತವಾಗಿತ್ತು.

"ಅವನ್ನ ತಗೀಬ್ಯಾಡ್ರಿ ಮೇಡಂ," ಎಂದಳು ಮೆಹರು.

ನೀಲಗಂಗಾ ತಾನೇ ಎದ್ದು ಕಪಾಟು ತೆರೆದಳು. ಮೊದಲನೆಯದರಲ್ಲಿ ನೀಲಿ ಗೆರೆ ಒಂಬತ್ತನೆಯ ನಿಮಿಷಕ್ಕೆ ನೆಲಕ್ಕೆ ಬಿದ್ದಿತ್ತು, ಒಂದೂವರೆ ನಿಮಿಷ ಬಿಟ್ಟು ಬೇರೊಂದು ಗೆರೆ ಎದ್ದು ನಾಲ್ಕು ಗಂಟೆ ನಡೆದಿತ್ತು. ಎರಡನೆಯದರಲ್ಲಿ ಆರನೆಯ ನಿಮಿಷ. ಮೂರನೆಯದರಲ್ಲಿ ಗಂಡಸಿನ ಗೆರೆ ಶುರುವೇ ಆಗಿರಲಿಲ್ಲ. ಆ ಕಾಗದಗಳ ಕೆಳಗೆಲ್ಲ ಬೇರೆ ಬೇರೆ ಊರಿನ ತಂತ್ರಜ್ಞೆಯರ ಸಹಿ ಇತ್ತು, ಪಕ್ಕದಲ್ಲಿ ಸಾಕ್ಷಿಯೆಂದು ಬಾಣಂತಿಯ ತಾಯಿಯ ಹೆಬ್ಬೆಟ್ಟು ಇತ್ತು. ಆ ತಾಯಂದಿರಲ್ಲಿ ಮೂವರು ಹೆದ್ದಾರಿಯಲ್ಲಿ ಅವಳ ಪಕ್ಕ ಕೂತಿದ್ದವರು.

"ಎಲ್ಲಾನೂ ಹಿಂಗ?"

"ನಾಲ್ಕು ಖರೇ ಅದಾವ್ರಿ," ಎಂದಳು ಮೆಹರು. ಆ ನಾಲ್ವರಿಗೆ ಯಾರೂ ಶಾಲು ಹೊದಿಸಿರಲಿಲ್ಲ.

ಮುಂದಿನ ತಿಂಗಳು ಸಮಿತಿ ತನ್ನ ತೀರ್ಮಾನ ಹೇಳಿತು. ಗಂಡಂದಿರು ಸ್ವಇಚ್ಛೆಯಿಂದ ಮುಂದೆ ಬರುತ್ತಿರುವುದು ಅಂಕಿಗಳಿಂದ ಕಾಣುತ್ತಿದೆ, ಕಾಯ್ದೆ ತಿದ್ದುವ ಅಗತ್ಯವಿಲ್ಲ ಎಂದಿತು. ಉದಾಹರಣೆಗೆ ಎಂದು ಕೊಟ್ಟ ಮೂರು ತಾಲ್ಲೂಕುಗಳಲ್ಲಿ ಹೊಸಹಿತ್ತಲವೂ ಇತ್ತು, ಮೂವತ್ತೆರಡು ಎಂಬ ಅಂಕಿಯೊಂದಿಗೆ. ಆದರೆ ಕೂಸು ಹುಟ್ಟಿದ ಆ ಸಂಜೆ ನೀಲಗಂಗಾಳಿಗೆ ಅದನ್ನು ತಿಳಿಯಲು ಸಮಿತಿ ಬೇಕಾಗಿರಲಿಲ್ಲ. ಕಡತಗಳನ್ನು ಇದ್ದ ಹಾಗೇ ಕಟ್ಟಿಟ್ಟು ಪಟ್ಟಿ ಕೋಣೆಯ ಬಾಗಿಲು ತೆರೆದಳು.

ಫಕ್ಕೀರವ್ವ ಬೆಂಚಿನ ಮೇಲೆ ಮಗ್ಗುಲಾಗಿ ಮಲಗಿದ್ದಳು. ಪಟ್ಟಿಯನ್ನು ತಾನೇ ಬಿಚ್ಚಿ, ಒರೆಸಿ, ಗೂಟಕ್ಕೆ ಹಾಕಿದ್ದಳು. ಕೆಳತುಟಿ ಕಚ್ಚಿ ಬಾತಿತ್ತು. ಪೇಡೆಯ ಡಬ್ಬಿ ಅವಳವರೆಗೆ ಬಂದಿರಲಿಲ್ಲ, ಸುದ್ದಿಯೂ ಬಂದಿರಲಿಲ್ಲ. ನೀಲಗಂಗಾ ನೀರು ಕುಡಿಸಿ, ನೆಲದ ಮೇಲೆ ಕೂತು, ಚೆಲ್ಲಿದ ಸೊಪ್ಪನ್ನು ಒಂದೊಂದಾಗಿ ಆರಿಸತೊಡಗಿದಳು.

"ಅಳಿಯನ ಹೆಸರಿಗೆ ಬರದೆ," ಎಂದಳು, ಮುಖ ಎತ್ತದೆ.

"ಬರಿ. ನನ್ನ ಹೆಸರು ಬರೆದಿದ್ರೂ ಓದಾಕ ನನಗೇನು ಬರ್ತಿತ್ತು." ಫಕ್ಕೀರವ್ವ ಸೊಂಟ ಹಿಡಿದುಕೊಂಡು ನಿಧಾನ ಎದ್ದು ಕೂತಳು. "ತನುಜಾ ಹೆಂಗದಾಳ?"

"ಅದಾಳ. ಮಲಗ್ಯಾಳ."

"ಕೂಸು?"

"ಹೆಣ್ಣು."

ಫಕ್ಕೀರವ್ವ ಬಗ್ಗಿ, ನೀಲಗಂಗಾಳ ಕೈಯಿಂದ ಸೊಪ್ಪಿನ ಚೀಲ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

"ಹಂಗಾರ ನಾ ಇನ್ನಾ ಇಪ್ಪತ್ತೈದು ವರ್ಷ ಬದುಕಬೇಕಾತು," ಎಂದಳು.